ಕಡಲಾಚೆಯ ಸಭೆಗಳೊಂದಿಗೆ ದೀರ್ಘಕಾಲದ ಸಹಭಾಗಿತ್ವ: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮೂರು ಜಿಲ್ಲೆಗಳ ಕ್ರೈಸ್ತ ಸಭೆಗಳ, ಅಂದರೆ ಚರ್ಚುಗಳ, ಲೆಕ್ಕಪತ್ರದ ಕೆಲಸದಲ್ಲಿ ಕೈಜೋಡಿಸುತ್ತ ಬಂದಿದ್ದೇನೆ. ಹೊರದೇಶದ ಒಂದು ಸಭೆ ನಮ್ಮ ಊರಿನ ಜೊತೆ ನಿಲ್ಲಲು ಸಿದ್ಧವಿದೆ ಎಂದಾಗ ಹಿರಿಯರ ಸಮಿತಿಯವರು, ಸ್ತ್ರೀಯರ ಕೂಟದವರು, ಪಾಸ್ಟರ್‌ಗಳು, ಫಾದರ್‌ಗಳು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ವಿದೇಶದಲ್ಲಿ ನೆಲೆಸಿದ ನಮ್ಮ ಕಡೆಯವರು ಅಲ್ಲಿಂದ ಕೇಳುವ ಪ್ರಶ್ನೆಗಳೂ ಇವೆ. ಅವುಗಳಿಗೆ ಉತ್ತರ ಒಂದೆಡೆ ಸಿಗಲಿ ಎಂದು ಇದನ್ನು ಬರೆದಿದ್ದೇನೆ.

ದೇಣಿಗೆಗೂ ಸಹಭಾಗಿತ್ವಕ್ಕೂ ಏನು ವ್ಯತ್ಯಾಸ?

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಕೃಷ್ಣಾ, ತುಂಗಭದ್ರಾ ಉಕ್ಕಿ ಹರಿದಾಗ ನಮ್ಮ ಕಡೆಗೆ ಅಕ್ಕಿ, ಬಟ್ಟೆ, ಹೊದಿಕೆ ಬಂದವು. ಅದು ಬೇಕೇ ಬೇಕಾಗಿದ್ದ ನೆರವು. ಆದರೆ ಮನೆ ಬಿದ್ದ ಕುಟುಂಬದ ಮಗಳು ಮುಂದಿನ ವರ್ಷ ಶಾಲೆಗೆ ಮರಳಿದಳೇ, ಮನೆ ಕಟ್ಟಲು ಮಾಡಿದ ಸಾಲ ತೀರಿತೇ ಎಂದು ಕೇಳುವುದು ಅಂಥ ನೆರವಿನ ಕೆಲಸವಲ್ಲ. ಅದನ್ನು ಕೇಳಲು ವರ್ಷಗಟ್ಟಲೆ ಜೊತೆಗಿರುವವರು ಬೇಕು.

ಸಹಭಾಗಿತ್ವದಲ್ಲಿ ಎರಡು ಸಮುದಾಯಗಳು ಒಂದನ್ನೊಂದು ಹೆಸರಿನಿಂದ ಬಲ್ಲವು. ಏನು ಮಾಡಬೇಕೆಂದು ಸೇರಿ ತೀರ್ಮಾನಿಸುತ್ತವೆ. ಇಬ್ಬರೂ ಇಬ್ಬರಿಗೂ ಲೆಕ್ಕ ಕೊಡುತ್ತಾರೆ. ಹಣ ಅದರೊಳಗೆ ಇರಬಹುದು, ಕೆಲವು ವರ್ಷ ಇಲ್ಲದೆಯೂ ಇರಬಹುದು.

ಇದು ನಮ್ಮ ಕಡೆಗೆ ಹೊಸತೇ?

ಹೊಸತಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಅಲ್ಲಿ ನಡೆಯಿತು, ಶಾಲೆಗಳು ತೆರೆದವು, ಮುದ್ರಣಾಲಯ ಬಂತು. ಅದೇ ಮಿಷನ್ನಿನ ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ನಿಘಂಟು ಸಿದ್ಧಪಡಿಸಿದರು. ವಾರ್ಡ್ಲಾ ಶಾಲೆಯ ಹೆಸರು ಬಳ್ಳಾರಿಯವರಿಗೆ ಇಂದಿಗೂ ಪರಿಚಿತ. ಮುದಗಲ್ಲಿನ ಕಥೋಲಿಕ ಸಮುದಾಯದ ಬೇರು ಇನ್ನೂ ಹಿಂದಕ್ಕೆ, ಆದಿಲ್‌ಶಾಹಿಗಳ ಕಾಲಕ್ಕೆ ಹೋಗುತ್ತದೆ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು. ಹಾಗಾಗಿ ಒಂದೊಂದು ಕಡೆಗೆ ಒಂದೊಂದು ಮಿಷನ್ ಬಂತು. ರಾಯಚೂರಿನಲ್ಲಿ ಮೆಥಡಿಸ್ಟರು ನೆಲೆಯೂರಿದರು. 1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟಂಟ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ರೂಪುಗೊಂಡಾಗ ಲಂಡನ್ ಮಿಷನ್ ಬೆಳೆಸಿದ ಸಭೆಗಳು ಅದರಲ್ಲಿ ಒಂದಾದವು. 1949ರಲ್ಲಿ ಬಳ್ಳಾರಿ ಕಥೋಲಿಕ ಧರ್ಮಪ್ರಾಂತ, ಅಂದರೆ ಬಿಷಪ್ಪರ ಆಡಳಿತದ ಪ್ರದೇಶ, ಬಂತು. ನಮ್ಮ ಮೂರು ಜಿಲ್ಲೆಗಳೂ ಅದರ ವ್ಯಾಪ್ತಿಯಲ್ಲಿವೆ.

ಈ ಚರಿತ್ರೆಯಲ್ಲಿ ನಾನು ಗಮನಿಸುವ ಸಂಗತಿ ಒಂದಿದೆ. 1876ರಿಂದ 1878ರವರೆಗಿನ ಬರವನ್ನು, ಹಿರಿಯರು ಧಾತು ಈಶ್ವರ ಬರ ಎಂದು ಹೇಳುತ್ತಿದ್ದುದನ್ನು, ಅತಿ ಕಠಿಣವಾಗಿ ಅನುಭವಿಸಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಲಂಡನ್ನಿನಲ್ಲಿ ಅಲ್ಲಿಯ ಮೇಯರ್ ಮುಂದಾಳತ್ವದಲ್ಲಿ ದೊಡ್ಡ ಪರಿಹಾರ ನಿಧಿ ಸೇರಿ ದಕ್ಷಿಣ ಭಾರತಕ್ಕೆ ಬಂತು. ಆ ನಿಧಿ ಹಲವರ ಜೀವ ಉಳಿಸಿತು, ಬರ ಮುಗಿದಂತೆ ತಾನೂ ಮುಗಿಯಿತು. ಶಾಲೆಗಳು ಉಳಿದವು, ಏಕೆಂದರೆ ಶಾಲೆಯ ಬೆನ್ನಿಗೆ ತಲೆಮಾರುಗಳಷ್ಟು ಕಾಲ ಜನ ನಿಂತರು. ಅದೇ ಕಾಲದ ಕೊರತೆಯನ್ನೂ ಹೇಳಬೇಕು: ಏನು ಕಟ್ಟಬೇಕು, ಯಾರನ್ನು ನೇಮಿಸಬೇಕು ಎಂಬ ತೀರ್ಮಾನಗಳು ಬಹುಮಟ್ಟಿಗೆ ಹೊರಗಿನವರ ಕೈಯಲ್ಲಿದ್ದವು. ಈಗ ಸಹಭಾಗಿಗಳೆಂದು ಕರೆದುಕೊಳ್ಳುವವರು ಬದಲಿಸಬೇಕಾದದ್ದು ಅದನ್ನೇ.

ಬೈಬಲಿನಲ್ಲಿ ಇದಕ್ಕೆ ಆಧಾರ ಎಲ್ಲಿದೆ?

ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8 ಮತ್ತು 9ನೇ ಅಧ್ಯಾಯಗಳಲ್ಲಿ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಮಕೆದೋನ್ಯ, ಕೊರಿಂಥದ ಸಭೆಗಳು ಹಣ ಕೂಡಿಸುತ್ತಿದ್ದವು. ಅದೂ ಕಡಲಾಚೆಯ ಸಹಾಯವೇ. ಪ್ರಸಂಗಗಳಲ್ಲಿ ಸಾಮಾನ್ಯವಾಗಿ ‘ಸಂತೋಷದಿಂದ ಕೊಡುವವನು’ ಎಂಬ ಮಾತಿಗೆ ಬಂದು ನಿಲ್ಲುತ್ತೇವೆ. ಅದಕ್ಕೂ ಮುಂಚೆ ಬರುವ ಎರಡು ವಿಷಯಗಳನ್ನು ಸಮಿತಿಯ ಸಭೆಯಲ್ಲಿ ಗಟ್ಟಿಯಾಗಿ ಓದಬೇಕೆಂದು ನನ್ನ ಬಯಕೆ. 8:14ರಲ್ಲಿ ಪೌಲನು ಈಗ ನಿಮ್ಮ ಸಮೃದ್ಧಿ ಅವರ ಕೊರತೆಯನ್ನು ನೀಗಿಸಲಿ, ಮುಂದೆ ಅವರ ಸಮೃದ್ಧಿ ನಿಮ್ಮ ಕೊರತೆಯನ್ನು ನೀಗಿಸಲಿ ಎಂಬ ಅರ್ಥದಲ್ಲಿ ಸಮಾನತೆಯ ಮಾತಾಡುತ್ತಾನೆ. 8:20, 21ರಲ್ಲಿ ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ತನ್ನ ಮೇಲೆ ಯಾರೂ ತಪ್ಪು ಹೊರಿಸಬಾರದೆಂದು ಎಚ್ಚರ ವಹಿಸುತ್ತಾನೆ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾದದ್ದನ್ನು ಮಾಡಬೇಕೆನ್ನುತ್ತಾನೆ. ಮೊದಲನೆಯ ಪತ್ರದ 16:3ರಲ್ಲಿ ಹಣವನ್ನು ಒಯ್ಯುವವರನ್ನು ಸಭೆಯೇ ಆರಿಸಬೇಕೆಂದು ಹೇಳುತ್ತಾನೆ. ಅಪೊಸ್ತಲನೇ ಒಬ್ಬನೇ ಹಣ ಹಿಡಿಯಲು ಒಪ್ಪದಿದ್ದ ಮೇಲೆ ನಮ್ಮಲ್ಲಿ ಒಬ್ಬರೇ ಚೆಕ್ ಬರೆಯುವುದಕ್ಕೆ ಏನು ಆಧಾರವಿದೆ?

ಊರನ್ನು, ಕೆಲಸವನ್ನು ಯಾರು ಆರಿಸಬೇಕು?

ಕೆಲಸವನ್ನು ಆರಿಸಬೇಕಾದವರು ಆ ಊರಿನವರು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಎಲ್ಲಿ ಎಂಬುದಕ್ಕೆ ಬೇಕಾದಷ್ಟು ಮಾಹಿತಿ ಸರ್ಕಾರದ ಬಳಿಯೇ ಇದೆ. ರಾಜ್ಯದ ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ದೇವದುರ್ಗ, ಲಿಂಗಸುಗೂರು, ಮಾನ್ವಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. ಹಿಂದುಳಿದಿವೆ ಎಂದು ಕೇಂದ್ರ ಸರ್ಕಾರ ವಿಶೇಷ ಗಮನಕ್ಕೆ ಆರಿಸಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳಲ್ಲಿ ರಾಯಚೂರು ಒಂದು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆ, ಕೊನೆ ಭಾಗದಲ್ಲಿ ನೀರಿಗಾಗಿ ಧರಣಿ. ಕಾಲುವೆಯೇ ಇಲ್ಲದ ಕಡೆ ಮಳೆ ನಂಬಿದ ಸಜ್ಜೆ, ತೊಗರಿ, ಜೋಳ. ಒಂದೇ ತಾಲ್ಲೂಕಿನ ಎರಡು ಊರುಗಳ ಅಗತ್ಯ ಒಂದೇ ಆಗಿರುವುದಿಲ್ಲ.

ಹೊರದೇಶದವರು ಕೇಳಿದಾಗ ನಮ್ಮ ಸಭೆಗಳು ಸಾಮಾನ್ಯವಾಗಿ ಹೇಳುವ ಮೊದಲ ಉತ್ತರ: ಸಮುದಾಯ ಭವನ, ಕಾಂಪೌಂಡ್ ಗೋಡೆ, ಧ್ವನಿವರ್ಧಕ. ಇವು ಮುಂದೆ ಕುಳಿತ ಗಂಡಸರ ಉತ್ತರಗಳು. ಹೆಂಗಸರನ್ನು ಬೇರೆ ಕೂರಿಸಿ ಕೇಳಿದರೆ ನೀರು, ಹೆರಿಗೆ ಆಸ್ಪತ್ರೆಗೆ ಹೋಗುವ ವಾಹನ, ಗಂಡನ ಕುಡಿತ, ಕೂಲಿಗಾಗಿ ಊರು ಬಿಟ್ಟು ಗುಳೆ ಹೋದಾಗ ಮಕ್ಕಳನ್ನು ಯಾರ ಬಳಿ ಬಿಡುವುದು ಎಂಬ ಮಾತುಗಳು ಬರುತ್ತವೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮುಖ್ಯೋಪಾಧ್ಯಾಯರು ಮೂವರನ್ನು ಕೇಳದೆ ಯಾವ ಪಟ್ಟಿಯನ್ನೂ ಅಂತಿಮ ಮಾಡಬೇಡಿ. ಸರ್ಕಾರದ ಯೋಜನೆಯಲ್ಲಿ ಸಿಗುವುದನ್ನು ಮೊದಲು ಸರ್ಕಾರದಿಂದಲೇ ಪಡೆಯಿರಿ. ಉದ್ಯೋಗ ಖಾತ್ರಿಯ ಕೂಲಿ, ಪಿಂಚಣಿ, ವಿದ್ಯಾರ್ಥಿವೇತನಗಳ ಅರ್ಜಿ ತುಂಬಿಸಲು ಒಬ್ಬ ಓದಿದ ಹುಡುಗಿಗೆ ಸಂಬಳ ಕೊಟ್ಟರೆ ಊರಿಗೆ ಬರುವ ಹಣ ಆ ಸಂಬಳದ ಎಷ್ಟೋ ಪಟ್ಟು. ನನ್ನ ದೃಷ್ಟಿಯಲ್ಲಿ ಹೊರಗಿನ ಹಣದ ಅತ್ಯುತ್ತಮ ಬಳಕೆಗಳಲ್ಲಿ ಇದೂ ಒಂದು. ಆದರೆ ಇದಕ್ಕೆ ಉದ್ಘಾಟನೆ ಇಲ್ಲ, ಕಲ್ಲಿನ ಫಲಕ ಇಲ್ಲ. ಹಾಗಾಗಿ ಯಾರೂ ಮೊದಲು ಕೇಳುವುದಿಲ್ಲ.

ಎಷ್ಟು ವರ್ಷಕ್ಕೆ ಒಪ್ಪಂದ ಮಾಡಿಕೊಳ್ಳಬೇಕು?

ಐದು ವರ್ಷಕ್ಕಿಂತ ಕಡಿಮೆಯಾದರೆ ಸಹಭಾಗಿತ್ವ ಎನ್ನುವುದು ಕಷ್ಟ. ಹತ್ತು ವರ್ಷ ಒಳ್ಳೆಯದು. ಒಂದನೇ ತರಗತಿಗೆ ಸೇರಿದ ಮಗು ಎಸ್ಸೆಸ್ಸೆಲ್ಸಿ ಮುಗಿಸಲು ಹತ್ತು ವರ್ಷ ಬೇಕು. ಮೊದಲ ವರ್ಷದಲ್ಲಿ ಹಣವೇ ಬೇಡ. ಪತ್ರ, ವಿಡಿಯೊ ಕರೆ, ಒಂದು ಭೇಟಿ ಸಾಕು. ಮೂರನೆಯ ವರ್ಷ ಇಬ್ಬರೂ ಕುಳಿತು ಮುಂದುವರಿಸಬೇಕೇ ಎಂದು ಕೇಳಿಕೊಳ್ಳಲಿ.

ಹಣವನ್ನು ಪಾಸ್ಟರ್ ಅವರ ಉಳಿತಾಯ ಖಾತೆಗೆ ಕಳುಹಿಸಬಹುದೇ?

ಕೂಡದು. ಅತಿ ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದೇ, ಅತಿ ಹೆಚ್ಚು ಅಪಾಯ ಇರುವುದೂ ಇಲ್ಲೇ. ಹೊರದೇಶದ ಸಭೆ, ಸಂಸ್ಥೆ ಅಥವಾ ಪ್ರಜೆಯಿಂದ ಇಂಥ ಕೆಲಸಕ್ಕೆ ಬರುವ ಹಣ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಅಡಿಯಲ್ಲಿ ಬರುತ್ತದೆ. ಈಗಿನ ಕಾಯ್ದೆ 2010ರದು, 2020ರಲ್ಲಿ ತಿದ್ದುಪಡಿಯಾಗಿದೆ. ಆ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಎತ್ತಿಹಿಡಿದಿದೆ. ಉಲ್ಲಂಘನೆಗೆ ಐದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಒಳ್ಳೆಯ ಉದ್ದೇಶವಿತ್ತು ಎಂಬುದು ವಿನಾಯಿತಿ ಕೊಡುವುದಿಲ್ಲ. ಇಲ್ಲಿಗೆ ಬಂದ ವಿದೇಶಿ ಅತಿಥಿ ರೂಪಾಯಿಯಲ್ಲೇ ಕಾಣಿಕೆ ಕೊಟ್ಟರೂ ಅದು ವಿದೇಶಿ ವಂತಿಗೆಯೇ. ವಸ್ತುಗಳೂ ಈ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಹಳೆಯ ಲ್ಯಾಪ್‌ಟಾಪ್‌ಗಳ ಪೆಟ್ಟಿಗೆ ಬರುತ್ತದೆಂದು ಒಪ್ಪಿಕೊಳ್ಳುವ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.

ಸರಿಯಾದ ದಾರಿ ಎರಡಿವೆ. ಒಂದು, ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿ. ಇದಕ್ಕೆ ಸಂಸ್ಥೆಗೆ ಕನಿಷ್ಠ ಮೂರು ವರ್ಷ ಆಗಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ತನ್ನ ಮುಖ್ಯ ಉದ್ದೇಶಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಇನ್ನೊಂದು, ಒಬ್ಬ ನಿರ್ದಿಷ್ಟ ದಾನಿಯಿಂದ ನಿರ್ದಿಷ್ಟ ಕೆಲಸಕ್ಕೆ ನಿರ್ದಿಷ್ಟ ಮೊತ್ತ ಪಡೆಯಲು ಪೂರ್ವಾನುಮತಿ. ಚಿಕ್ಕ ಸಂಸ್ಥೆಗೆ ಎರಡನೆಯದೇ ಹತ್ತಿರದ ದಾರಿ. ದಾನಿ ಸಭೆಯ ಬದ್ಧತಾ ಪತ್ರ ಬೇಕಾಗುತ್ತದೆ.

ನೋಂದಣಿ ಸಿಕ್ಕ ಮೇಲೆ ಹಣ ಮೊದಲು ಬರಬೇಕಾದದ್ದು ದೆಹಲಿಯ ಸಂಸತ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಮುಖ್ಯ ಶಾಖೆಯ ಖಾತೆಗೆ. ಅಲ್ಲಿಂದ ನಮ್ಮೂರಿನ ಬಳಕೆಯ ಖಾತೆಗೆ ತರಿಸಿಕೊಳ್ಳಬಹುದು. ದೇಶೀ ಕಾಣಿಕೆಯ ಹಣವನ್ನು ಇದರೊಂದಿಗೆ ಬೆರೆಸುವಂತಿಲ್ಲ. ಆಡಳಿತ ವೆಚ್ಚ ಶೇ 20ನ್ನು ಮೀರಬಾರದು. ಮಾರ್ಚ್ 31ಕ್ಕೆ ಮುಗಿಯುವ ವರ್ಷದ ವಿವರವನ್ನು ಡಿಸೆಂಬರ್ 31ರೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಹಣ ಏನೂ ಬರದಿದ್ದ ವರ್ಷವೂ ಸೊನ್ನೆ ಎಂದು ತುಂಬಿ ಸಲ್ಲಿಸಬೇಕು. ನೋಂದಣಿ ಐದು ವರ್ಷದ್ದು. ನವೀಕರಣಕ್ಕೆ ಅವಧಿ ಮುಗಿಯುವ ಮುನ್ನಿನ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಆ ಆರು ತಿಂಗಳು ಶುರುವಾದ ಕೂಡಲೇ ಹಾಕುವುದು ಜಾಣತನ. ಸಮಿತಿಯಲ್ಲಿ ಒಬ್ಬರಿಗೆ ಈ ದಿನಾಂಕಗಳ ಹೊಣೆಯನ್ನು ಹೆಸರಿಟ್ಟು ವಹಿಸಿ. ‘ಎಲ್ಲರೂ ನೋಡಿಕೊಳ್ಳೋಣ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಬಳ್ಳಾರಿಯಲ್ಲಿ ಎಫ್‌ಸಿಆರ್‌ಎ ಇರುವ ದೊಡ್ಡ ಸಂಸ್ಥೆ ಹಣ ಪಡೆದು ನಮಗೆ ವರ್ಗಾಯಿಸಬಹುದಲ್ಲವೇ?

2020ಕ್ಕೆ ಮೊದಲು ಹಾಗೆ ನಡೆಯುತ್ತಿತ್ತು. ಈಗ ಕಾಯ್ದೆಯ 7ನೇ ಪ್ರಕರಣ ಅದನ್ನು ಪೂರ್ತಿಯಾಗಿ ತಡೆದಿದೆ. ಹಣ ಪಡೆದ ಸಂಸ್ಥೆಯೇ ಅದನ್ನು ಖರ್ಚು ಮಾಡಬೇಕು. ಹಳ್ಳಿಯ ಚಿಕ್ಕ ಸಂಘಗಳಿಗೆ ಇದರಿಂದ ಬಿದ್ದ ಪೆಟ್ಟು ದೊಡ್ಡದು. ಧರ್ಮಪ್ರಾಂತದ ಅಥವಾ ಬೇರೆ ನೋಂದಾಯಿತ ಸಂಸ್ಥೆ ನಿಮ್ಮ ಊರಿನಲ್ಲಿ ತಾನೇ ಕೆಲಸ ನಡೆಸಬಹುದು: ಸಿಬ್ಬಂದಿ ಆ ಸಂಸ್ಥೆಯವರೇ, ಬಿಲ್ಲು ಅದರ ಹೆಸರಿನಲ್ಲಿ, ಯೋಜನೆ ಮಾತ್ರ ಊರಿನ ಸಮಿತಿಯೊಂದಿಗೆ ಕುಳಿತು ಮಾಡಿದ್ದು. ಅಂಥ ವ್ಯವಸ್ಥೆ ಬಯಸಿದರೆ ಊರಿನ ಸಮಿತಿಗೆ ಯಾವ ಅಧಿಕಾರವಿದೆ ಎಂಬುದನ್ನು ಮೊದಲೇ ಬರೆದುಕೊಳ್ಳಿ. ಇಲ್ಲದಿದ್ದರೆ ಊರಿನವರು ತಮ್ಮದೇ ಕೆಲಸದಲ್ಲಿ ಅತಿಥಿಗಳಾಗಿಬಿಡುತ್ತಾರೆ.

ದುಬೈಯಲ್ಲಿರುವ ನಮ್ಮ ಸಭೆಯ ಹುಡುಗ ಕಳುಹಿಸಿದರೆ?

ಆತ ಇನ್ನೂ ಭಾರತೀಯ ಪಾಸ್‌ಪೋರ್ಟ್ ಇರುವ ಪ್ರಜೆಯಾಗಿದ್ದು, ತನ್ನ ಸ್ವಂತ ಉಳಿತಾಯದಿಂದ, ಸಾಮಾನ್ಯ ಬ್ಯಾಂಕ್ ಮಾರ್ಗದಲ್ಲಿ ಕಳುಹಿಸಿದರೆ ಅದು ವಿದೇಶಿ ವಂತಿಗೆಯಲ್ಲ. ಪಾಸ್‌ಪೋರ್ಟ್ ಪ್ರತಿಯನ್ನು ರಸೀದಿಯ ಜೊತೆ ಇಟ್ಟುಕೊಳ್ಳಿ. ಆದರೆ ಆತ ಅಲ್ಲಿಯ ಗೆಳೆಯರಿಂದ ಸಂಗ್ರಹಿಸಿ ತನ್ನ ಹೆಸರಿನಲ್ಲಿ ಕಳುಹಿಸಿದರೆ ಈ ಮಾತು ಅನ್ವಯಿಸುವುದಿಲ್ಲ. ಅಮೆರಿಕ, ಬ್ರಿಟನ್ ಪ್ರಜೆಯಾದವರು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇರುವವರು ಕಾಯ್ದೆಯ ದೃಷ್ಟಿಯಲ್ಲಿ ವಿದೇಶಿ ಮೂಲವೇ, ಅವರ ಅಜ್ಜಿ ಇನ್ನೂ ಸಿಂಧನೂರಿನಲ್ಲೇ ಇದ್ದರೂ.

ಮಕ್ಕಳನ್ನು ಒಬ್ಬೊಬ್ಬರಂತೆ ಪ್ರಾಯೋಜಿಸುವ ಯೋಜನೆ ಒಳ್ಳೆಯದೇ?

ನಾನು ಅದರ ಪರ ಇಲ್ಲ. ಒಂದು ಮಗುವಿಗೆ ಪತ್ರ, ಉಡುಗೊರೆ, ಶುಲ್ಕ. ಅದೇ ಬೆಂಚಿನಲ್ಲಿ ಕುಳಿತ ಇನ್ನೊಂದಕ್ಕೆ ಏನೂ ಇಲ್ಲ. ಮನೆಯಲ್ಲೂ ಅಕ್ಕನಿಗೆ ಒಂದು, ತಮ್ಮನಿಗೆ ಒಂದು ಎಂಬಂತಾಗುತ್ತದೆ. ಕಡಲಾಚೆಯ ದಾನಿಗೆ ಒಂದು ಮುಖ ಬೇಕು ಎಂಬುದು ಅರ್ಥವಾಗುತ್ತದೆ, ಪ್ರೀತಿ ಹಾಗೆಯೇ ಶುರುವಾಗುವುದು. ಆದರೆ ಆ ಮುಖದ ಬೆಲೆಯನ್ನು ತೆರುವುದು ಮಗು.

ಇನ್ನೊಂದು ಕಾರಣವೂ ಇದೆ. ಕಂಪ್ಯಾಷನ್ ಇಂಟರ್‌ನ್ಯಾಷನಲ್ ಎಂಬ ಅಮೆರಿಕದ ಕ್ರೈಸ್ತ ಸಂಸ್ಥೆ ದಶಕಗಳ ಕಾಲ ಭಾರತದಲ್ಲಿ ಪ್ರಾಯೋಜಕತ್ವ ನಡೆಸಿತು. 2016ರಲ್ಲಿ ಅದರ ಹಣಕ್ಕೆ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. 2017ರ ಮಾರ್ಚ್‌ನಲ್ಲಿ ಅದು ಇಲ್ಲಿಯ ಕೆಲಸ ನಿಲ್ಲಿಸಿದಾಗ ನೆರವು ಪಡೆಯುತ್ತಿದ್ದ ಮಕ್ಕಳ ಸಂಖ್ಯೆ 1.4 ಲಕ್ಷಕ್ಕೂ ಹೆಚ್ಚು. ಆ ತೀರ್ಮಾನದ ಸರಿತಪ್ಪು ಏನೇ ಇರಲಿ, ನಮ್ಮ ಸಮಿತಿಗಳು ಇದರಿಂದ ತೆಗೆದುಕೊಳ್ಳಬೇಕಾದ ಎಚ್ಚರಿಕೆ ಸ್ಪಷ್ಟ: ಒಂದೇ ಮೂಲದ ಹಣಕ್ಕೆ ಒಂದು ಮಗುವಿನ ಊಟ, ಶುಲ್ಕ ಎರಡನ್ನೂ ಕಟ್ಟಿಹಾಕಬಾರದು. ಸಂಜೆಯ ಪಾಠ, ಗ್ರಂಥಾಲಯ, ಹೈಸ್ಕೂಲಿಗೆ ಹೋಗುವ ಹುಡುಗಿಯರಿಗೆ ಬಸ್ಸಿನ ಏರ್ಪಾಡು, ಹೀಗೆ ಊರಿನ ಎಲ್ಲ ಮಕ್ಕಳಿಗೂ ತೆರೆದಿರುವ ಕೆಲಸ ಆರಿಸಿ. ನಿರಾಶ್ರಿತ ಮಕ್ಕಳ ಗೃಹ ನಡೆಸಲು ಹೊರಟರೆ 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಕಡ್ಡಾಯ. ತಂದೆ ತಾಯಿ ಬದುಕಿರುವ ಮಕ್ಕಳನ್ನು ‘ಅನಾಥರು’ ಎಂದು ಪತ್ರದಲ್ಲಿ ಬರೆಯುವುದು ಪಾಪ, ಅಷ್ಟೇ ಹೇಳಬಲ್ಲೆ.

ಕುಡಿಯುವ ನೀರಿನ ಘಟಕ ಹಾಕಿಸೋಣವೇ?

ಕೊಪ್ಪಳ, ರಾಯಚೂರಿನ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದಾಗುವುದು, ಮೂಳೆ ಬಾಗುವುದು ನಾವು ಕಾಣುವ ಸಂಗತಿ. ಹಾಗಾಗಿ ಬೇಡಿಕೆ ನ್ಯಾಯವಾದದ್ದು. ಆದರೆ ಶುದ್ಧೀಕರಣ ಘಟಕ ಹಾಕುವುದು ಸುಲಭ, ನಡೆಸುವುದು ಕಷ್ಟ. ನೀರು ಸೋಸುವ ಪೊರೆ ಬದಲಿಸಬೇಕು, ವಿದ್ಯುತ್ ಬಿಲ್ಲು ಕಟ್ಟಬೇಕು, ತ್ಯಾಜ್ಯ ನೀರನ್ನು ಎಲ್ಲಿ ಬಿಡುವುದೆಂದು ಯೋಚಿಸಬೇಕು, ಕೆಟ್ಟರೆ ರಿಪೇರಿಗೆ ಬರುವವರು ಹೊಸಪೇಟೆಯಿಂದಲೋ ರಾಯಚೂರಿನಿಂದಲೋ ಬರಬೇಕು. ಬೀಗ ಬಿದ್ದ ಘಟಕಗಳನ್ನು ನೋಡದ ತಾಲ್ಲೂಕು ನಮ್ಮಲ್ಲಿಲ್ಲ. ಹಾಕುವ ಮೊದಲು ಗ್ರಾಮ ಪಂಚಾಯಿತಿಯೊಂದಿಗೆ ಬರಹದ ಒಪ್ಪಂದ ಬೇಕು, ಕೊಡಕ್ಕೆ ಇಷ್ಟು ಎಂದು ಬರುವ ಹಣ ರಿಪೇರಿಗೇ ಹೋಗಬೇಕು, ನಡೆಸುವ ಹೊಣೆಯನ್ನು ಒಂದು ಮಹಿಳಾ ಸ್ವಸಹಾಯ ಸಂಘ ಹೊರಬೇಕು. ಈ ಮೂರರಲ್ಲಿ ಒಂದು ಸಿದ್ಧವಿಲ್ಲದಿದ್ದರೂ ಇನ್ನೊಂದು ವರ್ಷ ಕಾಯಿರಿ.

ನೆರವು ಕ್ರೈಸ್ತರಿಗೆ ಮಾತ್ರವೇ? ಮತಾಂತರದ ಆರೋಪ ಬಂದರೆ?

ನೆರವು ಊರಿಗೆ. ಯಾವ ಕೇರಿ, ಯಾವ ಧರ್ಮ ಎಂದು ಕೇಳುವಂತಿಲ್ಲ. ರೆಡ್ ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ಒಪ್ಪಿಕೊಂಡ ನೀತಿಸಂಹಿತೆ ಇದನ್ನೇ ಹೇಳುತ್ತದೆ: ಸಹಾಯವನ್ನು ಜನರ ಅಗತ್ಯವಷ್ಟೇ ನಿರ್ಧರಿಸಬೇಕು, ಯಾವುದೇ ಧಾರ್ಮಿಕ ಅಥವಾ ರಾಜಕೀಯ ನಿಲುವನ್ನು ಮುಂದೊತ್ತಲು ಅದನ್ನು ಬಳಸಬಾರದು. ಜಾಗತಿಕ ಸಭೆಗಳ ಒಕ್ಕೂಟ, ಲೂಥರನ್ ವಿಶ್ವ ಒಕ್ಕೂಟ, ಕಾರಿತಾಸ್ ಆ ಸಂಹಿತೆಯ ಹಿಂದೆ ನಿಂತವು. ಬಡವನ ಹಸಿವಿನ ಮೇಲೆ ಷರತ್ತು ಹಾಕುವುದು ಸುವಾರ್ತೆಗೇ ಅವಮಾನ ಎಂದು ನಾನು ನಂಬಿದ್ದೇನೆ.

ಆರೋಪ ಬರಬಹುದು. ಅದಕ್ಕೆ ಉತ್ತರ ಭಾಷಣದಲ್ಲಿಲ್ಲ, ದಿನನಿತ್ಯದ ನಡವಳಿಕೆಯಲ್ಲಿದೆ. ಊರಿನ ಸಮಿತಿಯಲ್ಲಿ ಎಲ್ಲ ಸಮುದಾಯದವರಿರಲಿ. ಸಂಜೆಯ ಪಾಠ ಚರ್ಚಿನೊಳಗೆ ನಡೆಯುವುದಕ್ಕಿಂತ ಶಾಲೆಯಲ್ಲಿ ನಡೆಯಲಿ. ಪಂಚಾಯಿತಿಗೆ, ಠಾಣೆಗೆ ಕೆಲಸದ ವಿವರ ಮೊದಲೇ ಗೊತ್ತಿರಲಿ. ನಮ್ಮ ಕಡೆ ಮೊಹರಂನ ಅಲಾಯಿ ಹಬ್ಬಕ್ಕೆ ಎಲ್ಲರೂ ಸೇರುತ್ತಾರೆ, ಕೊಪ್ಪಳದ ಗವಿಮಠದ ಜಾತ್ರೆಗೆ ಎಲ್ಲರೂ ರೊಟ್ಟಿ ಕೊಡುತ್ತಾರೆ. ಆ ಒಡನಾಟದಲ್ಲಿ ಸಭೆಯೂ ಇದ್ದರೆ ಹೊರಗಿನಿಂದ ಬಂದು ಕೆಣಕುವವರಿಗೆ ಉತ್ತರ ಕೊಡುವುದು ಊರೇ.

ಅವರ ತಂಡ ನಮ್ಮೂರಿಗೆ ಬರುತ್ತದಂತೆ. ಏನು ಸಿದ್ಧತೆ?

ಪ್ರವಾಸಿ ವೀಸಾದಲ್ಲಿ ಬಂದವರು ಆರಾಧನೆಯಲ್ಲಿ ಕುಳಿತುಕೊಳ್ಳಬಹುದು, ಪ್ರಸಂಗ ಮಾಡುವಂತಿಲ್ಲ, ಧಾರ್ಮಿಕ ಕರಪತ್ರ ಹಂಚುವಂತಿಲ್ಲ. ‘ಎರಡು ಮಾತು ಹೇಳಿ’ ಎಂದು ನಾವೇ ವೇದಿಕೆಗೆ ಕರೆದು ಅವರನ್ನು ತೊಂದರೆಗೆ ಸಿಲುಕಿಸಬಾರದು. ಮನೆಯಲ್ಲೋ ಸಭೆಯ ಅತಿಥಿಗೃಹದಲ್ಲೋ ಉಳಿಸಿಕೊಂಡರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡುವುದು ಉಳಿಸಿಕೊಂಡವರ ಹೊಣೆ. ಎಲ್ಲರೂ ಸಿ ಫಾರಂ ಎಂದು ಕರೆಯುವುದು ಇದನ್ನೇ.

ಯಾವಾಗ ಬರಬೇಕೆಂದು ಯೋಚಿಸಿ. ಡಿಸೆಂಬರ್, ಜನವರಿ ಅವರಿಗೆ ಹಿತವಾದ ಹವೆ. ಆದರೆ ಸುಗ್ಗಿ ಮುಗಿಸಿ ಗುಳೆ ಹೊರಟವರು ಆ ಹೊತ್ತಿಗೆ ಬೆಂಗಳೂರಿನಲ್ಲೋ ಗೋವಾದಲ್ಲೋ ಇರುತ್ತಾರೆ. ಮನೆಯಲ್ಲಿ ಉಳಿದ ಮುದುಕರನ್ನೂ ಮಕ್ಕಳನ್ನೂ ನೋಡಿ ಅತಿಥಿಗಳು ಊರನ್ನು ಕಂಡೆವೆಂದುಕೊಂಡು ಹೋಗುತ್ತಾರೆ. ಯುಗಾದಿಗೆ, ಮೊಹರಂಗೆ ಜನ ಮರಳುತ್ತಾರೆ. ಬಿಸಿಲು ಹೆಚ್ಚಾದರೂ ಒಮ್ಮೆ ಆಗ ಬರಲಿ.

ಶಾಲೆಯ ಗೋಡೆಗೆ ಬಣ್ಣ ಬಳಿಯುವ ಕೆಲಸ ಕೊಡಬೇಡಿ. ನಮ್ಮೂರಿನಲ್ಲಿ ಬಣ್ಣ ಬಳಿಯುವವರಿದ್ದಾರೆ, ಅವರಿಗೆ ಆ ಕೂಲಿ ಬೇಕು. ಅತಿಥಿಗಳು ಕುಳಿತು ಕೇಳಲಿ, ಹೊಲಕ್ಕೆ ಹೋಗಲಿ, ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಹಿಂದೆ ಕೂತು ನೋಡಲಿ.

ಫೋಟೊ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು. ದೇವದಾಸಿ ಪದ್ಧತಿಯನ್ನು ರಾಜ್ಯ 1982ರ ಕಾಯ್ದೆಯಿಂದಲೇ ನಿಷೇಧಿಸಿದೆ. ಅದರಿಂದ ಹೊರಬಂದು ಗೌರವದಿಂದ ಬದುಕು ಕಟ್ಟಿಕೊಂಡ ತಾಯಂದಿರು ನಮ್ಮ ಮೂರೂ ಜಿಲ್ಲೆಗಳಲ್ಲಿದ್ದಾರೆ. ಅವರ ಮುಖ, ಅವರ ಮಕ್ಕಳ ಹೆಸರು ಹೊರದೇಶದ ಸುದ್ದಿಪತ್ರದಲ್ಲಿ ಆ ಹಳೆಯ ಗುರುತಿನ ಜೊತೆ ಅಚ್ಚಾದರೆ, ಅದೇ ಪುಟ ಮರುದಿನ ಮೊಬೈಲಿನಲ್ಲಿ ಈ ಊರಿಗೆ ಬರುತ್ತದೆ. ಎಷ್ಟು ಹಣ ಬಂದರೂ ಆ ನೋವಿಗೆ ಸಮವಲ್ಲ.

ಲೆಕ್ಕ ಯಾರಿಗೆ ಕೊಡಬೇಕು?

ಕಾನೂನಿನಂತೆ ಸರ್ಕಾರಕ್ಕೆ, ಒಪ್ಪಂದದಂತೆ ಕಡಲಾಚೆಯ ಸಭೆಗೆ. ಇವೆರಡನ್ನೂ ಬಹುತೇಕರು ಹೇಗೋ ಮಾಡುತ್ತಾರೆ. ಬಿಟ್ಟುಹೋಗುವುದು ಮೂರನೆಯದು: ಯಾರ ಹೆಸರಿನಲ್ಲಿ ಹಣ ಬಂತೋ ಅವರಿಗೆ.

ಈ ಪುಟದಲ್ಲಿ ಒಂದೇ ಮಾತನ್ನು ಉಳಿಸಿಕೊಳ್ಳಿ ಎಂದರೆ ಇದನ್ನೇ ಹೇಳುತ್ತೇನೆ. ವರ್ಷಕ್ಕೆ ಎರಡು ಸಲ, ಜನ ಊರಲ್ಲಿರುವ ದಿನ ನೋಡಿ, ಕಟ್ಟೆಯ ಮೇಲೋ ಶಾಲೆಯ ಅಂಗಳದಲ್ಲೋ ಲೆಕ್ಕವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ. ಎಷ್ಟು ಬಂತು, ಯಾವ ದಿನ ಬಂತು, ಯಾರಿಗೆ ಸಂಬಳ ಎಷ್ಟು, ಜೀಪಿನ ಡೀಸೆಲ್‌ಗೆ ಎಷ್ಟು, ಸಿಮೆಂಟ್ ಯಾವ ಅಂಗಡಿಯಿಂದ ಯಾವ ದರಕ್ಕೆ. ಓದಲು ಬರದವರೂ ಸಿಮೆಂಟ್ ಚೀಲದ ದರ ಬಲ್ಲರು. ಪ್ರಶ್ನೆಗಳು ಬರುತ್ತವೆ, ಕೆಲವು ಒರಟಾಗಿಯೇ ಬರುತ್ತವೆ. ಬರಲಿ. ಹಾಗೆ ಕೇಳಿಸಿಕೊಂಡ ಸಮಿತಿಯ ಮೇಲೆ ಗುಸುಗುಸು ಹುಟ್ಟುವುದು ಕಡಿಮೆ, ಹುಟ್ಟಿದರೂ ನಿಲ್ಲುವುದಿಲ್ಲ. ಓದಿದ ಹಾಳೆಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ. ಅದರ ಪ್ರತಿಯನ್ನೇ ಅನುವಾದಿಸಿ ಹೊರದೇಶಕ್ಕೆ ಕಳುಹಿಸಿ, ಅವರಿಗೆ ಒಂದು, ಊರಿಗೆ ಒಂದು ಎಂದು ಎರಡು ಲೆಕ್ಕ ಬೇಡ. ಊರಿನವರು ಎತ್ತಿದ ಆಕ್ಷೇಪಗಳನ್ನೂ ಆ ಪತ್ರದಲ್ಲಿ ಸೇರಿಸಿ.

ಕಡಲಾಚೆಯ ಸಭೆಯವರಿಗೂ ಒಂದು ಬಿನ್ನಹ. ಯೋಜನೆ ಸೋತಿತು ಎಂದು ಇಲ್ಲಿಂದ ಪತ್ರ ಬಂದಾಗ ನೀವು ಕೋಪಗೊಂಡರೆ ಮುಂದಿನ ವರ್ಷದಿಂದ ನಿಮಗೆ ಬರುವುದು ಗೆಲುವಿನ ಕಥೆಗಳು ಮಾತ್ರ. ಪ್ರತಿಯಾಗಿ ನಿಮ್ಮ ಲೆಕ್ಕವನ್ನೂ ನಮಗೆ ತೋರಿಸಿ: ನಮ್ಮೂರಿನ ಹೆಸರಿನಲ್ಲಿ ಎಷ್ಟು ಸಂಗ್ರಹಿಸಿದಿರಿ, ಎಷ್ಟು ಕಳುಹಿಸಿದಿರಿ.

ಪಾಸ್ಟರ್ ವರ್ಗಾವಣೆಯಾದರೆ?

ಆಗುತ್ತಾರೆ. ಅದಕ್ಕೇ ಪತ್ರವ್ಯವಹಾರ ಸಮಿತಿಯ ಇಮೇಲ್‌ನಿಂದ ನಡೆಯಬೇಕು, ಪಾಸ್‌ವರ್ಡ್ ಇಬ್ಬರ ಬಳಿ ಇರಬೇಕು, ಚೆಕ್ಕಿಗೆ ಎರಡು ಸಹಿ ಬೇಕು. ಹೊಸಬರು ಬಂದ ತಿಂಗಳಲ್ಲೇ ವಿಡಿಯೊ ಕರೆಯಲ್ಲಿ ಪರಿಚಯ ಮಾಡಿಸಿ.

ಅವರು ಕೊಡುವವರು, ನಾವು ಪಡೆಯುವವರು. ಅವರಿಗೆ ನಾವೇನು ಕೊಡಬಲ್ಲೆವು?

ಈ ಪ್ರಶ್ನೆಯನ್ನು ತಲೆ ತಗ್ಗಿಸಿ ಕೇಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಯುರೋಪಿನ ಅನೇಕ ಚರ್ಚುಗಳಲ್ಲಿ ಭಾನುವಾರ ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಬಂದವರಲ್ಲಿ ಒಂಟಿ ವೃದ್ಧರು ಬಹಳ. ನಮ್ಮಲ್ಲಿ ಸಾವಿನ ಮನೆಗೆ ಇಡೀ ಕೇರಿ ಹೋಗುತ್ತದೆ, ಒಲೆ ಹೊತ್ತಿಸದ ಮನೆಗೆ ಬುತ್ತಿ ಬರುತ್ತದೆ. ಸುಗ್ಗಿ ಹಬ್ಬದಲ್ಲಿ ಜೋಳದ ತೆನೆ, ಕುಂಬಳಕಾಯಿ, ಕೋಳಿ ಹರಾಜು ಮಾಡಿ ಬಡ ಸಭೆಯೇ ತನ್ನ ಖರ್ಚನ್ನು ತೂಗಿಸಿಕೊಳ್ಳುತ್ತದೆ. ಬರವನ್ನು ತಲೆಮಾರುಗಳಿಂದ ಎದುರಿಸಿದ ರೈತರ ತಿಳಿವಳಿಕೆ ನಮ್ಮಲ್ಲಿದೆ. ಅವರ ಕಾಯಿಲೆಯವರ ಹೆಸರುಗಳನ್ನು ತರಿಸಿಕೊಂಡು ನಮ್ಮ ಪ್ರಾರ್ಥನೆಯಲ್ಲಿ ಹೆಸರು ಹಿಡಿದು ಬೇಡಿಕೊಳ್ಳಿ. ಅವರ ಊರಿಗೆ ಪ್ರವಾಹ ಬಂತೆಂದು ಗೊತ್ತಾದರೆ ಮೊದಲು ಫೋನ್ ಮಾಡುವವರು ನಾವಾಗಲಿ.

ಸಹಭಾಗಿತ್ವವನ್ನು ಮುಗಿಸುವುದು ಹೇಗೆ?

ಮುಗಿಸುವ ದಿನಾಂಕವನ್ನು ಆರಂಭದ ಒಪ್ಪಂದದಲ್ಲೇ ಬರೆಯಿರಿ. ಕೊನೆಯ ಮೂರು ವರ್ಷಗಳಲ್ಲಿ ಹೊರಗಿನ ಪಾಲು ಇಳಿಯುತ್ತ, ಊರಿನ ಪಾಲು ಏರುತ್ತ ಹೋಗಲಿ. ಸಂಬಳದ ಮೇಲೆ ಇರುವವರಿಗೆ ಒಂದು ವರ್ಷ ಮೊದಲೇ ತಿಳಿಸಿ. ಎಫ್‌ಸಿಆರ್‌ಎ ಹಣದಿಂದ ಕೊಂಡ ಆಸ್ತಿಯನ್ನು ಮನಬಂದಂತೆ ಯಾರಿಗೂ ದಾನ ಮಾಡುವಂತಿಲ್ಲ, ಅದರ ಪಟ್ಟಿ ಕೈಯಲ್ಲಿರಲಿ. ಹಣ ನಿಂತ ಮೇಲೂ ಕ್ರಿಸ್‌ಮಸ್ ಪತ್ರ ನಡೆಯುತ್ತಿದ್ದರೆ ಅದು ಗಟ್ಟಿ ಸಂಬಂಧ.

ಮೊದಲ ಪತ್ರದಲ್ಲಿ ಏನು ಬರೆಯಬೇಕು?

ಒಂದೇ ಪುಟ ಸಾಕು. ನಮ್ಮ ಸಭೆ ಯಾವುದು, ಊರಿನಲ್ಲಿ ಎಷ್ಟು ಮನೆಗಳಿವೆ, ಮಳೆ ಹೇಗಿತ್ತು, ಜನ ಏನು ದುಡಿದು ಬದುಕುತ್ತಾರೆ, ಊರಿನವರು ತಾವಾಗಿಯೇ ಮಾಡಿಕೊಂಡ ಒಂದು ಕೆಲಸ ಯಾವುದು. ನಂತರ ಅವರ ಬಗ್ಗೆ ಮೂರು ಪ್ರಶ್ನೆ ಕೇಳಿ: ಅವರ ಸಭೆಯಲ್ಲಿ ಯಾರಿದ್ದಾರೆ, ಅವರ ಊರಿನ ಕಷ್ಟ ಏನು, ಅವರಿಗೆ ನಮ್ಮ ವಿಷಯ ಹೇಗೆ ಗೊತ್ತಾಯಿತು. ಎಫ್‌ಸಿಆರ್‌ಎ ಇದೆಯೋ ಇಲ್ಲವೋ ಎಂಬುದನ್ನು ನೇರವಾಗಿ ತಿಳಿಸಿ. ಮೊತ್ತದ ಮಾತು ಈ ಪತ್ರದಲ್ಲಿ ಬೇಡ, ಖಾತೆ ಸಂಖ್ಯೆಯಂತೂ ಬೇಡವೇ ಬೇಡ. ಕಳುಹಿಸುವ ಮೊದಲು ಪತ್ರವನ್ನು ಸಮಿತಿಯಲ್ಲಿ ಓದಿ, ಪಾಸ್ಟರ್ ಸಹಿಯ ಪಕ್ಕದಲ್ಲಿ ಊರಿನ ಕನಿಷ್ಠ ಇಬ್ಬರು ಹೆಂಗಸರ ಸಹಿಯನ್ನೂ ಹಾಕಿಸಿ.